ಬಾಡಿಗೆ ಯಂತ್ರದಲ್ಲಿ ಕಾರ್ಪೆಟ್ ತೊಳೆಯುವುದು: ಬಿಟ್ಟ ನೀರನ್ನು ವಾಪಸ್ ಎಳೆಯುವ ತನಕ

ಮೊದಲ ಸಲ ನಾನು ಯಂತ್ರ ಬಾಡಿಗೆಗೆ ತಂದು ತೊಳೆದಾಗ ಕಾರ್ಪೆಟ್ ಒಣಗಲು ಮೂರು ದಿನ ಹಿಡಿಯಿತು. ಎರಡನೇ ದಿನ ಸಂಜೆ ಕೋಣೆಯ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಒಂದು ತಿಂಗಳೊಳಗೆ, ಹೆಚ್ಚು ಓಡಾಡುವ ಜಾಗ ತೊಳೆಯುವ ಮುಂಚೆ ಇದ್ದುದಕ್ಕಿಂತ ಕಪ್ಪಾಗಿತ್ತು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಸೋಪು ಹೆಚ್ಚು ಹಾಕಿದ್ದೆ, ನೀರು ಹೆಚ್ಚು ಬಿಟ್ಟಿದ್ದೆ, ಬಿಟ್ಟ ನೀರನ್ನು ಎಳೆದುಕೊಳ್ಳಲು ಯಂತ್ರಕ್ಕೆ ಸಮಯ ಕೊಟ್ಟಿರಲಿಲ್ಲ. ಆಮೇಲೆ ಹಲವು ಸಲ ಇದೇ ಕೆಲಸ ಮಾಡಿದ್ದೇನೆ. ಈಗ ಬೆಳಗ್ಗೆ ತೊಳೆದ ಕಾರ್ಪೆಟ್ ಮೇಲೆ ರಾತ್ರಿ ಬರಿಗಾಲಲ್ಲಿ ನಡೆಯಬಹುದು. ಹಾಗೆ ಆಗಬೇಕಾದರೆ ಯಾವುದನ್ನು ಯಾವಾಗ ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಂತ್ರ ಏನು ಮಾಡುತ್ತದೆ

ಬಾಡಿಗೆಗೆ ಸಿಗುವ ಬಹುತೇಕ ಯಂತ್ರಗಳನ್ನು ಜನ ‘ಸ್ಟೀಮ್ ಕ್ಲೀನರ್’ ಅನ್ನುತ್ತಾರೆ. ಅದರಲ್ಲಿ ಹಬೆ ಇರುವುದಿಲ್ಲ. ಬಿಸಿ ನೀರಿಗೆ ಸ್ವಲ್ಪ ಕ್ಲೀನಿಂಗ್ ದ್ರಾವಣ ಬೆರೆಸಿ, ಅದನ್ನು ಒತ್ತಡದಿಂದ ನೂಲಿನ ಬುಡಕ್ಕೆ ಸಿಂಪಡಿಸುತ್ತದೆ. ಅದರ ಬೆನ್ನಿಗೇ ಜೋರಾದ ಗಾಳಿಯ ಸೆಳೆತದಿಂದ ಆ ನೀರನ್ನು ಕೊಳೆಯ ಸಮೇತ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೇ ಎರಡು ಟ್ಯಾಂಕ್: ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ಕೊಳಕು ನೀರು. ಕೊಳಕು ನೀರಿನ ಟ್ಯಾಂಕ್ ತುಂಬಿದಾಗ ಒಳಗಿನ ತೇಲುವ ಬಿರಡೆ ಮೇಲೆದ್ದು ಗಾಳಿಯ ದಾರಿ ಮುಚ್ಚುತ್ತದೆ, ಮೋಟಾರಿನ ಸದ್ದು ಇದ್ದಕ್ಕಿದ್ದಂತೆ ಕೀರಲಾಗುತ್ತದೆ. ಆ ಸದ್ದು ಕೇಳಿಸಿದ ತಕ್ಷಣ ನಿಲ್ಲಿಸಬೇಕು. ಸೆಳೆತ ನಿಂತಿರುತ್ತದೆ, ಸಿಂಪಡಣೆ ಮಾತ್ರ ನಡೆದೇ ಇರುತ್ತದೆ.

ಬಾಡಿಗೆಯಲ್ಲಿ ಸಾಮಾನ್ಯವಾಗಿ ಎರಡು ಬಗೆ ಸಿಗುತ್ತವೆ. ನಿಂತುಕೊಂಡು ತಳ್ಳುವ, ಅಡಿಯಲ್ಲಿ ಬ್ರಷ್ ತಿರುಗುವ ಯಂತ್ರ ಒಂದು. ಪೆಟ್ಟಿಗೆಯಂತಹ ಯಂತ್ರಕ್ಕೆ ಉದ್ದ ಪೈಪು, ಪೈಪಿನ ತುದಿಗೆ ಚಪ್ಪಟೆ ಮೂತಿಯ ಕೋಲು ಇರುವುದು ಇನ್ನೊಂದು. ದೊಡ್ಡ ಹಾಲ್‌ಗೆ, ಅಭ್ಯಾಸವಿಲ್ಲದವರಿಗೆ ಮೊದಲನೆಯದು ಸುಲಭ. ಮೆಟ್ಟಿಲು, ಸೋಫಾ, ಇಕ್ಕಟ್ಟಾದ ಮೂಲೆಗಳಿದ್ದರೆ ಎರಡನೆಯದನ್ನೇ ಕೇಳಿ, ಅಥವಾ ತಳ್ಳುವ ಯಂತ್ರದ ಜೊತೆ ಕೈಯಲ್ಲಿ ಹಿಡಿಯುವ ಮೂತಿ ಕೊಡುತ್ತಾರೆಯೇ ವಿಚಾರಿಸಿ.

ಕ್ಲೀನಿಂಗ್ ಯಂತ್ರವನ್ನು ಹೊತ್ತಿಗೆ ಮಾತ್ರ ಮನೆಗೆ ಕರೆಸುವುದು ಹೊಸ ಪದ್ಧತಿಯೇನಲ್ಲ. ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಪೇಟೆಂಟ್ ಪಡೆದ ವ್ಯಾಕ್ಯೂಮ್ ಕ್ಲೀನರ್ ಕುದುರೆಗಾಡಿಯ ಮೇಲೆ ಕೂರುವಷ್ಟು ದೊಡ್ಡದಿತ್ತು. ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಗಳಿಂದ ಉದ್ದುದ್ದ ಪೈಪು ಒಳಗೆ ಬಿಟ್ಟು ಮನೆಗಳ ಧೂಳು ಎಳೆಯುತ್ತಿದ್ದರು.

ನಿಮ್ಮ ಕಾರ್ಪೆಟ್ ನೀರು ತಡೆಯುತ್ತದೆಯೇ?

ಅಂಗಡಿಗೆ ಹೋಗುವ ಮುಂಚೆ ಈ ಪ್ರಶ್ನೆ ತೀರ್ಮಾನವಾಗಬೇಕು. ಕಾರ್ಪೆಟ್ ಹಾಳಾದ ಕಥೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಶುರುವಾಗುತ್ತವೆ.

ಕಾರ್ಪೆಟ್ಟಿನ ಹಿಂಬದಿ ಚೀಟಿ ಇದ್ದರೆ ಓದಿ. ನೈಲಾನ್, ಪಾಲಿಯೆಸ್ಟರ್, ಪಾಲಿಪ್ರೊಪಿಲಿನ್ ಅಂತ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಉಣ್ಣೆ ಆದರೆ ತೊಳೆಯಬಹುದು, ಜಾಗ್ರತೆ ಬೇಕು: ನೀರು ಉಗುರುಬೆಚ್ಚಗಿರಬೇಕು, ಕ್ಷಾರ ಹೆಚ್ಚಿಲ್ಲದ, ‘ಉಣ್ಣೆಗೆ ಸೂಕ್ತ’ ಎಂದು ಬರೆದಿರುವ ದ್ರಾವಣವೇ ಬೇಕು, ತಿರುಗುವ ಬ್ರಷ್ ಆದಷ್ಟು ಕಡಿಮೆ ಬಳಸಬೇಕು. ಬಿಸಿ, ಕ್ಷಾರ, ಉಜ್ಜಾಟ ಮೂರೂ ಸೇರಿದರೆ ಉಣ್ಣೆಯ ಎಳೆ ಒಂದಕ್ಕೊಂದು ಗಂಟುಬಿದ್ದು ಮುದುರುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ರೇಷ್ಮೆ, ವಿಸ್ಕೋಸ್, ಸೆಣಬಿನ ಕಾರ್ಪೆಟ್‌ಗಳನ್ನು ಈ ಯಂತ್ರಕ್ಕೆ ಕೊಡಲೇಬೇಡಿ. ಕೈಮಗ್ಗದ ಹಳೆಯ ರತ್ನಗಂಬಳಿಗಳನ್ನೂ ಅಷ್ಟೇ. ಅವುಗಳ ಕೆಲಸ ಗೊತ್ತಿರುವವರ ಕೈಗೇ ಒಪ್ಪಿಸಿ.

ಚೀಟಿ ಇಲ್ಲದಿದ್ದರೆ? ಗೋಡೆಯ ಅಂಚಿನಲ್ಲಿ ಕಣ್ಣಿಗೆ ಬೀಳದ ಕಡೆಯಿಂದ ಎರಡು-ಮೂರು ಎಳೆ ಕತ್ತರಿಸಿಕೊಳ್ಳಿ. ಒಂದು ಲೋಟ ನೀರಿಗೆ ಒಂದು ಎಳೆ ಹಾಕಿ, ಬೆರಳಿನಿಂದ ಅದುಮಿ ಅಂಟಿದ ಗಾಳಿಗುಳ್ಳೆ ಬಿಡಿಸಿ. ಪಾಲಿಪ್ರೊಪಿಲಿನ್ ನೀರಿಗಿಂತ ಹಗುರ, ಎಷ್ಟು ಅದುಮಿದರೂ ತೇಲುತ್ತದೆ. ನೈಲಾನ್, ಪಾಲಿಯೆಸ್ಟರ್, ಉಣ್ಣೆ ನೆನೆದ ಮೇಲೆ ಮುಳುಗುತ್ತವೆ. ಮುಳುಗಿದರೆ ಇನ್ನೊಂದು ಎಳೆಯನ್ನು ಚಿಮುಟದಲ್ಲಿ ಹಿಡಿದು, ಸಿಂಕ್ ಮೇಲೆ ನಿಂತು, ಬೆಂಕಿ ತಾಗಿಸಿ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಉರಿ ತೆಗೆದರೆ ತಾನೇ ಆರುತ್ತದೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತವೆ. ಕಾಗದ ಸುಟ್ಟ ವಾಸನೆ ಬಂದರೆ ಅದು ಹತ್ತಿ, ಸೆಣಬು ಅಥವಾ ವಿಸ್ಕೋಸ್. ಅಂಥದ್ದಕ್ಕೆ ಯಂತ್ರ ತರುವ ಯೋಚನೆಯನ್ನೇ ಬಿಡಿ.

ಇನ್ನೊಂದು ಪರೀಕ್ಷೆ ಬಣ್ಣದ್ದು. ನೀವು ಬಳಸಲಿರುವ ದ್ರಾವಣವನ್ನೇ ಹೇಳಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ, ಮೂಲೆಯೊಂದನ್ನು ಒದ್ದೆ ಮಾಡಿ, ಹತ್ತು ನಿಮಿಷ ಬಿಟ್ಟು ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಕೆಂಪು, ಕಡುನೀಲಿ ಬಣ್ಣಗಳಿರುವ ಕಾರ್ಪೆಟ್‌ನಲ್ಲಿ ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ.

ಅಂಚು ಸ್ವಲ್ಪ ಎತ್ತಲು ಬಂದರೆ ಅಡಿಯನ್ನೂ ನೋಡಿಬಿಡಿ. ಕೆಳಗೆ ಸ್ಪಂಜಿನ ಪದರವಿದ್ದರೆ ಅದು ನೀರು ಕುಡಿದು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಮರದ ನೆಲವಿದ್ದರೆ ಇನ್ನೂ ಎಚ್ಚರ ಬೇಕು. ಕಾರ್ಪೆಟ್ಟಿನ ಬೆನ್ನು ಸೆಣಬಿನದಾಗಿದ್ದರೆ ನೀರು ಹೆಚ್ಚಾದಾಗ ಕುಗ್ಗುತ್ತದೆ, ಕಂದು ಬಣ್ಣ ಮೇಲಕ್ಕೆ ಬರುತ್ತದೆ.

ಯಾವ ದಿನ, ಎಷ್ಟು ಹೊತ್ತಿಗೆ

ಮಳೆ ಹಿಡಿದ ದಿನ ಬೇಡ. ಗಾಳಿಯಲ್ಲೇ ತೇವ ತುಂಬಿರುವಾಗ ಕಾರ್ಪೆಟ್ಟಿನ ತೇವ ಹೋಗಬೇಕಾದರೂ ಎಲ್ಲಿಗೆ? ಬಿಸಿಲಿರುವ, ಕಿಟಕಿ ತೆಗೆದಿಡಬಹುದಾದ ದಿನ ಆರಿಸಿ.

ಬಾಡಿಗೆ ಗಂಟೆಯ ಲೆಕ್ಕದಲ್ಲೂ ಇರುತ್ತದೆ, ದಿನದ ಲೆಕ್ಕದಲ್ಲೂ ಇರುತ್ತದೆ. ಕಾರ್ಪೆಟ್ ಅಳತೆ ಮೊದಲೇ ತೆಗೆದುಕೊಳ್ಳಿ. 12 ಅಡಿ ಉದ್ದ, 10 ಅಡಿ ಅಗಲದ ಒಂದು ಕೋಣೆ ಅಂದರೆ 120 ಚದರ ಅಡಿ. ಅಷ್ಟಕ್ಕೆ, ಸಾಮಾನು ಸರಿಸುವುದು ಬಿಟ್ಟು, ನನಗೆ ಗಂಟೆಗೂ ಸ್ವಲ್ಪ ಹೆಚ್ಚೇ ಬೇಕು. ನಾಲ್ಕು ಗಂಟೆಯ ಬಾಡಿಗೆಯಲ್ಲಿ ಯಂತ್ರ ತರುವ, ಕೊಂಡೊಯ್ಯುವ, ತೊಳೆದಿಡುವ ಹೊತ್ತು ಕಳೆದರೆ ಎರಡು ಕೋಣೆಗೂ ಸಾಲದು. ಆತುರಪಟ್ಟಾಗ ಮೊದಲು ಕೈಬಿಡುವುದು ನೀರು ಎಳೆಯುವ ಕೆಲಸವನ್ನೇ. ಹಾಗಾಗಿ ಇಡೀ ದಿನಕ್ಕೆ ತೆಗೆದುಕೊಳ್ಳುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅಕ್ಕಪಕ್ಕದ ಮನೆಯವರ ಜೊತೆ ಹಂಚಿಕೊಂಡರೆ ಬಾಡಿಗೆಯೂ ಅರ್ಧವಾಗುತ್ತದೆ.

ಅಂಗಡಿಯಲ್ಲಿ

ಮುಂಗಡ ಎಷ್ಟು, ಅದು ಯಾವಾಗ ವಾಪಸ್, ತಡವಾದರೆ ಏನು, ತೊಳೆಯದೆ ಕೊಟ್ಟರೆ ದಂಡ ಇದೆಯೇ, ಯಂತ್ರ ನಡುವೆ ಕೆಟ್ಟರೆ ಬದಲಿ ಕೊಡುತ್ತಾರೆಯೇ, ತೆರೆಯದ ದ್ರಾವಣದ ಬಾಟಲಿ ವಾಪಸ್ ತೆಗೆದುಕೊಳ್ಳುತ್ತಾರೆಯೇ: ಇಷ್ಟನ್ನು ಕೇಳಿ ರಸೀದಿಯಲ್ಲಿ ಬರೆಸಿಕೊಳ್ಳಿ.

ಆಮೇಲೆ ಯಂತ್ರ ನೋಡಿ. ಅಂಗಡಿಯವರು ಅವಸರ ಮಾಡಿದರೂ ಐದು ನಿಮಿಷ ಪರೀಕ್ಷಿಸದೆ ಬಿಡಬೇಡಿ. ಕೊಳಕು ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ. ಕೊಳೆತ ವಾಸನೆ ಬಂದರೆ ಹಿಂದೆ ತೆಗೆದುಕೊಂಡವರು ತೊಳೆಯದೆ ಕೊಟ್ಟಿದ್ದಾರೆ ಅಂತ ಅರ್ಥ, ಆ ವಾಸನೆ ನಿಮ್ಮ ಮನೆಗೂ ಬರುತ್ತದೆ. ಮುಚ್ಚಳದ ಸುತ್ತ ಇರುವ ರಬ್ಬರ್ ಬಳೆಯ ಮೇಲೆ ಬೆರಳಾಡಿಸಿ. ಅದು ಬಿರಿದಿದ್ದರೆ, ಜಾಗ ಬಿಟ್ಟು ಸರಿದಿದ್ದರೆ ಗಾಳಿ ಅಲ್ಲೇ ಸೋರಿ ಸೆಳೆತ ಕಡಿಮೆಯಾಗುತ್ತದೆ. ಹೊರಗಿನಿಂದ ಯಂತ್ರ ಹೊಸದರಂತೆ ಹೊಳೆಯುತ್ತಿದ್ದರೂ ಕಾರ್ಪೆಟ್ ಒದ್ದೆಮುದ್ದೆಯಾಗಿ ಉಳಿಯುವುದಕ್ಕೆ ಇದೊಂದೇ ಸಾಕು. ಬ್ರಷ್‌ಗೆ ಕೂದಲು ಸುತ್ತಿದೆಯೇ, ಪೈಪಿನಲ್ಲಿ ತೂತಿದೆಯೇ, ವೈರು ಎಲ್ಲಾದರೂ ಕಿತ್ತಿದೆಯೇ ನೋಡಿ. ಒಂದಿಷ್ಟು ಬರಿ ನೀರು ಹಾಕಿಸಿ ಓಡಿಸಿ ತೋರಿಸಲು ಹೇಳಿ. ಸಿಂಪಡಣೆ ಇಡೀ ಅಗಲಕ್ಕೂ ಸಮನಾಗಿ ಬೀಸಣಿಗೆಯಂತೆ ಬೀಳಬೇಕು. ನಡುವೆ ಖಾಲಿ ಗೆರೆ ಕಂಡರೆ ಒಂದು ನಾಜಲ್ ಕಟ್ಟಿಕೊಂಡಿದೆ. ಮೊದಲೇ ಇರುವ ಗೀರು, ಬಿರುಕುಗಳ ಫೋಟೋ ಅವರ ಎದುರೇ ತೆಗೆದುಕೊಳ್ಳಿ.

ಇಂಥ ಯಂತ್ರಗಳು ಖಾಲಿ ಇದ್ದಾಗಲೇ ಸುಮಾರು ಹದಿನೈದು-ಇಪ್ಪತ್ತು ಕಿಲೋ ತೂಗುತ್ತವೆ. ಮಹಡಿ ಹತ್ತಿಸಬೇಕಿದ್ದರೆ ಜೊತೆಗೊಬ್ಬರಿರಲಿ. ನೀರನ್ನು ಮೇಲೆ ಹೋದ ಮೇಲೆಯೇ ತುಂಬಿ.

ಹಿಂದಿನ ರಾತ್ರಿ: ಒಣ ಧೂಳು

ಕಾರ್ಪೆಟ್ಟಿನಲ್ಲಿರುವ ಕೊಳೆಯಲ್ಲಿ ಹೆಚ್ಚಿನ ಪಾಲು ಒಣ ಧೂಳು, ಮರಳು, ಕೂದಲು, ಎಳೆಯ ಚೂರು. ಇದನ್ನು ಒಣಗಿದ್ದಾಗಲೇ ತೆಗೆದುಬಿಡಬೇಕು. ನೀರು ಬಿದ್ದ ಮೇಲೆ ಅದು ಕೆಸರು. ಕೆಸರನ್ನು ನೂಲಿನ ಬುಡದಿಂದ ಎಬ್ಬಿಸುವಷ್ಟು ಶಕ್ತಿ ಬಾಡಿಗೆ ಯಂತ್ರಕ್ಕಿಲ್ಲ.

ವ್ಯಾಕ್ಯೂಮ್ ಕ್ಲೀನರನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಎಳೆಯಿರಿ, ನಿಧಾನವಾಗಿ. ಬಾಗಿಲ ಬಳಿ, ಸೋಫಾದ ಮುಂದೆ ಇನ್ನೆರಡು ಸಲ. ಮುಗಿಯಿತು ಅನಿಸಿದ ಮೇಲೆ ಒಂದು ಕಡೆ ಮಂಡಿಯೂರಿ ಕೂತು ಎರಡೂ ಹೆಬ್ಬೆರಳಿನಿಂದ ನೂಲನ್ನು ಬೈತಲೆ ತೆಗೆದಂತೆ ಬಿಡಿಸಿ ನೋಡಿ. ಬುಡದಲ್ಲಿ ಸಣ್ಣ ಮರಳು ಮಿನುಗುತ್ತಿದ್ದರೆ ಇನ್ನೂ ಮುಗಿದಿಲ್ಲ. ಇದು ಬೇಸರದ ಕೆಲಸ ಹೌದು, ಆದರೆ ಮಾರನೇ ದಿನ ಟ್ಯಾಂಕಿನಿಂದ ಬರುವ ನೀರು ನೋಡಿದಾಗ ಅದರ ಬೆಲೆ ತಿಳಿಯುತ್ತದೆ.

ಸಾಧ್ಯವಾದಷ್ಟು ಸಾಮಾನನ್ನು ಹೊರಗೆ ಸಾಗಿಸಿ. ಸರಿಸಲಾಗದ ಬೀರು, ಮಂಚಗಳ ಕಾಲಿನ ಕೆಳಗೆ ಅಲ್ಯೂಮಿನಿಯಂ ಫಾಯಿಲ್ ಅಥವಾ ದಪ್ಪ ಪ್ಲಾಸ್ಟಿಕ್ ಚೌಕಗಳನ್ನು ಇಡಿ. ಕಬ್ಬಿಣದ ಕಾಲು ಒದ್ದೆ ಕಾರ್ಪೆಟ್ಟಿಗೆ ತುಕ್ಕು ಬಿಡುತ್ತದೆ, ಮರದ ಕಾಲು ಪಾಲಿಶ್ ಬಣ್ಣ ಬಿಡುತ್ತದೆ. ಈ ಎರಡು ಕಲೆಗಳೂ ಆಮೇಲೆ ಸುಲಭಕ್ಕೆ ಹೋಗುವಂಥವಲ್ಲ.

ಕಲೆಗಳನ್ನು ಯಂತ್ರಕ್ಕೆ ಬಿಡಬೇಡಿ

ರಕ್ತ, ಹಾಲು, ಮೊಟ್ಟೆಯಂಥ ಕಲೆಗೆ ಬಿಸಿ ತಾಗಿದರೆ ಅದು ಅಲ್ಲೇ ಬೆಂದು ಕೂರುತ್ತದೆ. ಇವನ್ನು ತಣ್ಣೀರಿನಿಂದಲೇ ಮೊದಲು ತೆಗೆಯಿರಿ. ಚೂಯಿಂಗ್ ಗಮ್ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ಹಾಕಿ ಮೇಲಿಡಿ, ಗಟ್ಟಿಯಾದ ಮೇಲೆ ಚೂರುಚೂರಾಗಿ ಎಬ್ಬಿಸಿ. ಯಾವ ಕಲೆಯೇ ಆಗಲಿ, ಹೊರಗಿನ ಅಂಚಿನಿಂದ ನಡುವಿಗೆ ಬಟ್ಟೆಯಿಂದ ಒತ್ತುತ್ತಾ ಬನ್ನಿ. ಗಸಗಸ ಉಜ್ಜಿದರೆ ನೂಲಿನ ತುದಿ ಬಿಚ್ಚಿಕೊಂಡು, ಕಲೆ ಹೋದರೂ ಅಲ್ಲೊಂದು ಮಂಕು ಮಚ್ಚೆ ಉಳಿಯುತ್ತದೆ.

ನಾಯಿ, ಬೆಕ್ಕು ಮೂತ್ರ ಮಾಡಿದ ಜಾಗಕ್ಕೆ ಬಿಸಿ ನೀರು ಬಿಟ್ಟರೆ ಮಲಗಿದ್ದ ವಾಸನೆಯನ್ನು ಎಬ್ಬಿಸಿದಂತೆ. ಮೂತ್ರ ಅಡಿಯ ಪದರದವರೆಗೂ ಇಳಿದಿರುತ್ತದೆ. ಅಲ್ಲಿಗೆ ಕಿಣ್ವ ಇರುವ ದ್ರಾವಣ ಹಾಕಿ, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಆಮೇಲೆಯೇ ಯಂತ್ರ ಓಡಿಸಿ.

ಕ್ಲೋರಿನ್ ಬ್ಲೀಚ್ ಮಾತ್ರ ಬೇಡ. ಬಣ್ಣ ತಿನ್ನುತ್ತದೆ, ಉಣ್ಣೆಯನ್ನಂತೂ ಕರಗಿಸಿಯೇ ಬಿಡುತ್ತದೆ. ಅದು ವಿನೆಗರ್ ಅಥವಾ ಅಮೋನಿಯಾ ಜೊತೆ ಸೇರಿದರೆ ವಿಷಾನಿಲ ಏಳುತ್ತದೆ.

ತೊಳೆಯುವುದು

ಹೆಚ್ಚು ಕೊಳೆಯಾದ ನಡೆದಾಡುವ ದಾರಿಗೆ ದ್ರಾವಣವನ್ನು ಸ್ಪ್ರೇ ಬಾಟಲಿಯಿಂದ ಹದವಾಗಿ ಸಿಂಪಡಿಸಿ ಹತ್ತು-ಹದಿನೈದು ನಿಮಿಷ ಬಿಡಿ. ಒಣಗಲು ಬಿಡಬಾರದು. ಅರ್ಧ ಕೊಳೆ ಬಿಡಿಸುವುದು ಈ ಕಾಯುವಿಕೆಯೇ.

ಟ್ಯಾಂಕಿಗೆ ನಲ್ಲಿಯ ಬಿಸಿ ನೀರು ಸಾಕು, ಕುದಿಯುವ ನೀರು ಸುರಿದರೆ ಪ್ಲಾಸ್ಟಿಕ್ ಸೊಟ್ಟಗಾಗಿ ಸೋರಲು ಶುರುವಾಗುತ್ತದೆ. ದ್ರಾವಣವನ್ನು ಬಾಟಲಿಯ ಮೇಲೆ ಹೇಳಿದ್ದಕ್ಕಿಂತ ಒಂದು ಹನಿಯೂ ಹೆಚ್ಚು ಹಾಕಬೇಡಿ, ನಾನೀಗ ಸ್ವಲ್ಪ ಕಡಿಮೆಯೇ ಹಾಕುತ್ತೇನೆ. ಉಳಿದುಹೋದ ಸೋಪು ಒಣಗಿ ಅಂಟಂಟಾಗುತ್ತದೆ, ಪ್ರತಿ ಹೆಜ್ಜೆಯ ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಕಾರ್ಪೆಟ್ ಒಂದು ತಿಂಗಳಲ್ಲಿ ಕಪ್ಪಾದದ್ದು ಹೀಗೆಯೇ.

ವಿದ್ಯುತ್ ವಿಷಯದಲ್ಲಿ ಅಸಡ್ಡೆ ಬೇಡ. ನೀರು, ಕರೆಂಟು ಒಟ್ಟಿಗೇ ಇರುವ ಕೆಲಸ ಇದು. ಅರ್ಥಿಂಗ್ ಇರುವ ಸಾಕೆಟ್‌ಗೇ ಹಾಕಿ, ತೆಳು ವೈರಿನ ಎಕ್ಸ್‌ಟೆನ್ಶನ್ ಬಳಸಬೇಡಿ, ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ, ಟ್ಯಾಂಕ್ ತೆಗೆಯುವ ಮುಂಚೆ ಸ್ವಿಚ್ ಆರಿಸಿ. ಮಕ್ಕಳು, ಸಾಕುಪ್ರಾಣಿಗಳು ಬೇರೆ ಕೋಣೆಯಲ್ಲಿರಲಿ.

ಬಾಗಿಲಿಗೆ ದೂರದ ಮೂಲೆಯಿಂದ ಶುರುಮಾಡಿ, ಬಾಗಿಲ ಕಡೆಗೆ ಹಿಮ್ಮುಖವಾಗಿ ಬನ್ನಿ. ನೀರು ಸಿಂಪಡಿಸುವ ಟ್ರಿಗರ್ ಒತ್ತಿ ಹಿಡಿದು ಸುಮಾರು ಒಂದು ಮೀಟರ್ ನಿಧಾನವಾಗಿ ಎಳೆಯಿರಿ. ಪಟ್ಟಿ ಮುಗಿಯುವ ಒಂದು ಗೇಣು ಮುಂಚೆಯೇ ಟ್ರಿಗರ್ ಬಿಡಿ, ಇಲ್ಲದಿದ್ದರೆ ಕೊನೆಯಲ್ಲಿ ನೀರು ಮಡುಗಟ್ಟುತ್ತದೆ. ಈಗ ಅದೇ ಪಟ್ಟಿಯ ಮೇಲೆ ಟ್ರಿಗರ್ ಒತ್ತದೆ ಎಳೆಯಿರಿ, ಇದೇ ಒಣ ಎಳೆತ. ಮತ್ತೊಮ್ಮೆ ಎಳೆಯಿರಿ. ಯಂತ್ರದ ಮೂತಿಯಲ್ಲಿ ಪಾರದರ್ಶಕ ಕಿಂಡಿ ಇದ್ದರೆ ಅದನ್ನೇ ಗಮನಿಸಿ. ಮೊದಲ ಎಳೆತಕ್ಕೆ ಕಂದು ನೀರು ಹಾಳೆಯಂತೆ ಮೇಲೇರುತ್ತದೆ, ಎರಡನೆಯದಕ್ಕೆ ಗೆರೆಗೆರೆಯಾಗುತ್ತದೆ, ಮೂರು-ನಾಲ್ಕನೆಯದಕ್ಕೆ ಬರೀ ಹನಿಗಳು ಓಡುತ್ತವೆ. ಹನಿಗಳು ನಿಲ್ಲುವವರೆಗೂ ಎಳೆಯುತ್ತಲೇ ಇರಿ. ಪಕ್ಕದ ಪಟ್ಟಿ ಹಿಂದಿನದರ ಮೇಲೆ ಮೂರು-ನಾಲ್ಕು ಬೆರಳಷ್ಟು ಹತ್ತಿರಲಿ. ಎಷ್ಟೇ ಕಪ್ಪಾಗಿದ್ದರೂ ಒಂದೇ ಜಾಗಕ್ಕೆ ಮತ್ತೆ ಮತ್ತೆ ನೀರು ಬಿಡಬೇಡಿ. ಅದು ಒಣಗಿದ ಮೇಲೆ ಇನ್ನೊಮ್ಮೆ ತೊಳೆಯಬಹುದು.

ನಾನು ಒಂದು ಲೆಕ್ಕ ಇಡುತ್ತೇನೆ. ಅಳತೆಯ ಬಕೆಟ್ಟಿನಿಂದ ಹತ್ತು ಲೀಟರ್ ತುಂಬಿದರೆ, ಕೊಳಕು ಟ್ಯಾಂಕನ್ನು ಅದೇ ಬಕೆಟ್ಟಿಗೆ ಸುರಿದು ನೋಡುತ್ತೇನೆ. ಎಂಟು ಲೀಟರ್ ಬಂದರೆ ನೆಮ್ಮದಿ. ಐದೇ ಬಂದರೆ ಇನ್ನೈದು ಲೀಟರ್ ನೀರು, ಅಂದರೆ ಐದು ಕಿಲೋ ತೂಕ, ಕಾರ್ಪೆಟ್ಟಿನಲ್ಲೇ ಇದೆ. ಆಗ ಹೊಸ ನೀರು ತುಂಬುವುದಿಲ್ಲ, ಮುಚ್ಚಳದ ರಬ್ಬರ್ ಸರಿಯಾಗಿ ಕೂತಿದೆಯೇ, ಮೂತಿಗೆ ಕೂದಲು ಸಿಕ್ಕಿದೆಯೇ ನೋಡಿ, ತೊಳೆದಷ್ಟು ಜಾಗದ ಮೇಲೆ ಮತ್ತೆ ಒಣ ಎಳೆತ.

ಹಿಂದೆ ಯಾರೋ ಶಾಂಪೂ ಹಾಕಿ ಬಿಟ್ಟಿದ್ದರೆ ಕೊಳಕು ಟ್ಯಾಂಕಿನಲ್ಲಿ ನೊರೆ ಉಕ್ಕುತ್ತದೆ. ನೊರೆಗೆ ಬಿರಡೆ ಏಳುವುದಿಲ್ಲ, ಅದು ನೇರ ಮೋಟಾರಿಗೆ ಹೋಗುತ್ತದೆ. ಅಂಗಡಿಯಲ್ಲಿ ನೊರೆ ಅಡಗಿಸುವ ದ್ರಾವಣ ಕೇಳಿ ತಂದಿಟ್ಟುಕೊಂಡು, ಕೊಳಕು ಟ್ಯಾಂಕಿಗೆ ಸ್ವಲ್ಪ ಹಾಕಿ. ಇಂಥ ಕಾರ್ಪೆಟ್ಟಿಗೆ ಹೊಸದಾಗಿ ಸೋಪು ಬೇಕಿಲ್ಲ, ಬರಿ ಬಿಸಿ ನೀರೇ ಸಾಕಾಗಬಹುದು.

ಇಡೀ ಕೋಣೆ ಆದ ಮೇಲೆ ಬರಿ ನೀರಿನಿಂದ ಒಂದು ಸುತ್ತು, ಅದೇ ರೀತಿ ಒಣ ಎಳೆತಗಳೊಂದಿಗೆ. ಇದರಿಂದ ಉಳಿದ ಸೋಪು ಹೋಗುತ್ತದೆ.

ಯಂತ್ರ ವಾಪಸ್ ಕೊಡುವ ಮುಂಚೆ

ಕೊಳಕು ನೀರಲ್ಲಿ ಎಳೆ, ಕೂದಲು ಬಹಳ ಇರುತ್ತದೆ. ಹಳೆಯ ಬಟ್ಟೆಯಲ್ಲಿ ಸೋಸಿ, ಶೌಚಾಲಯದ ಕಮೋಡಿಗೆ ಸುರಿಯಿರಿ. ಸಿಂಕಿಗೆ ಸುರಿದರೆ ಕಟ್ಟಿಕೊಳ್ಳುತ್ತದೆ, ಗಿಡಗಳಿಗೂ ಮಳೆನೀರಿನ ಚರಂಡಿಗೂ ಹಾಕುವಂಥದ್ದಲ್ಲ. ಟ್ಯಾಂಕ್ ಜಾಲಾಡಿಸಿ, ಬ್ರಷ್ಷಿನ ಕೂದಲು ಕತ್ತರಿಸಿ ತೆಗೆದು, ಶುದ್ಧ ನೀರಿನ ಟ್ಯಾಂಕಿಗೆ ಬರಿ ನೀರು ಹಾಕಿ ಎರಡು ನಿಮಿಷ ಓಡಿಸಿ. ಯಂತ್ರ ಕೊಟ್ಟು ಮುಂಗಡ ಕೈಗೆ ಬಂದ ಮೇಲೆಯೇ ರಸೀದಿ ಬಿಡಿ.

ಒಣಗಿಸುವುದು

24 ಗಂಟೆಯೊಳಗೆ ಪೂರ್ತಿ ಒಣಗಲೇಬೇಕು. ತೇವ 24ರಿಂದ 48 ಗಂಟೆ ಹಾಗೇ ನಿಂತರೆ ಬೂಷ್ಟು ಬೆಳೆಯಲು ಶುರುವಾಗುತ್ತದೆ. ಉಬ್ಬಸ, ಅಲರ್ಜಿ ಇರುವವರ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಎದುರುಬದುರು ಕಿಟಕಿ ತೆಗೆಯಿರಿ, ಸೀಲಿಂಗ್ ಫ್ಯಾನ್ ಪೂರ್ತಿ ಜೋರಿಗೆ ಹಾಕಿ, ಇನ್ನೊಂದು ಫ್ಯಾನನ್ನು ನೆಲದ ಮೇಲಿಟ್ಟು ಗಾಳಿ ಕಾರ್ಪೆಟ್ಟಿನ ಮೈಮೇಲೆ ಸವರಿಕೊಂಡು ಹೋಗುವಂತೆ ತಿರುಗಿಸಿ. ಹೊರಗೆ ಜಡಿಮಳೆ ಇದ್ದರೆ ಕಿಟಕಿ ಮುಚ್ಚಿ ಎಸಿ ಹಾಕುವುದೇ ಮೇಲು, ಅದು ಗಾಳಿಯ ತೇವವನ್ನೂ ಹೀರುತ್ತದೆ. ಒದ್ದೆ ಇರುವಾಗಲೇ ನೂಲನ್ನು ಮೆತ್ತನೆ ಬ್ರಷ್‌ನಿಂದ ಒಂದೇ ದಿಕ್ಕಿಗೆ ಬಾಚಿ ಎಬ್ಬಿಸಿದರೆ ಬೇಗ ಒಣಗುತ್ತದೆ, ನೋಡಲೂ ಚೆಂದ.

ಮೇಲೆ ಕೈಯಾಡಿಸಿ ಒಣಗಿದೆ ಅಂತ ಮೋಸಹೋಗಬೇಡಿ. ಮಡಚಿದ ಟಿಶ್ಯೂ ಕಾಗದವನ್ನು ಕಾರ್ಪೆಟ್ ಮೇಲಿಟ್ಟು, ಅದರ ಮೇಲೆ ಹಿಮ್ಮಡಿ ಊರಿ ಅರ್ಧ ನಿಮಿಷ ನಿಲ್ಲಿ. ಕಾಗದ ಮೆತ್ತಗಾದರೆ ಬುಡದಲ್ಲಿ ಇನ್ನೂ ನೀರಿದೆ. ಅದು ಗರಿಗರಿಯಾಗಿಯೇ ಉಳಿಯುವ ತನಕ ಸಾಮಾನು ಒಳಗೆ ತರಬೇಡಿ.

ಮರುದಿನ, ಹೋಗಿಯೇ ಬಿಟ್ಟಿತು ಅಂದುಕೊಂಡ ಕಲೆ ಅದೇ ಜಾಗದಲ್ಲಿ ಮಂದವಾಗಿ ಕಾಣಿಸಬಹುದು. ಗಾಬರಿ ಬೇಡ. ದೀಪದ ಬತ್ತಿ ಎಣ್ಣೆ ಹೀರುವಂತೆ, ನೂಲು ಒಣಗುತ್ತಾ ಬುಡದಲ್ಲಿದ್ದ ಕೊಳೆಯನ್ನು ತುದಿಗೆ ಎಳೆದು ತಂದಿರುತ್ತದೆ. ಆ ಜಾಗವನ್ನಷ್ಟೇ ಸ್ವಲ್ಪ ನೀರಿನಿಂದ ನೆನೆಸಿ, ನಾಲ್ಕು ಮಡಿಕೆಯ ಬಿಳಿ ಟವೆಲ್ ಹಾಕಿ, ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕೈದು ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ತೆಗೆದು ನೋಡಿದರೆ ಆ ಕಲೆ ಟವೆಲ್ಲಿಗೆ ಬಂದಿರುತ್ತದೆ.